ನರಹುಲಿಗೆ ಸುಣ್ಣ ಬೇಡ, ಸ್ವಲ್ಪ ಸಮಾಧಾನ ಬೇಕು



ಹೋದ ಸಂಚಿಕೆಯಲ್ಲಿ ಹಿಮ್ಮಡಿ ಬಿರುಕಿನ ಬಗ್ಗೆ ಬರೆದದ್ದೇ ತಡ, ಚರ್ಮದ ತಾಪತ್ರಯ ಹೇಳಿಕೊಂಡು ಪತ್ರಗಳು ಒಂದರ ಮೇಲೊಂದು ಬಂದಿವೆ. ಹೆಚ್ಚಿನವು ನರಹುಲಿಯವೇ. ಮಗನ ಬೆರಳ ಮೇಲೆ ನಾಲ್ಕು ಎದ್ದಿವೆ, ಶಾಲೆಯಲ್ಲಿ ಪಕ್ಕದ ಹುಡುಗ ಕೈ ಮುಟ್ಟಿಸಿಕೊಳ್ಳುವುದಿಲ್ಲವಂತೆ ಎಂದು ಒಬ್ಬರು ಬರೆದಿದ್ದಾರೆ. ಇನ್ನೊಬ್ಬರ ಮಗಳನ್ನು ನೋಡಲು ಮುಂದಿನ ತಿಂಗಳು ಗಂಡಿನ ಕಡೆಯವರು ಬರುತ್ತಾರೆ. ಗಲ್ಲದ ಮೇಲೆ ಎರಡು ನರಹುಲಿ, "ಏನಾದರೂ ಬೇಗ ಉದುರಿಸುವ ಮದ್ದಿದ್ದರೆ ತಿಳಿಸಿ" ಅಂತ ಕೇಳಿದ್ದಾರೆ. ಈ ಬೇಗ ಉದುರಿಸುವ ಮದ್ದು ಎನ್ನುವ ಮಾತೇ ನನಗೆ ಹೆದರಿಕೆ ಹುಟ್ಟಿಸುವುದು. ಅದಕ್ಕೇ ಈ ಸಲ ಬರೆಯಬೇಕೆಂದಿದ್ದ ಸಂಡಿಗೆ ಹಪ್ಪಳದ ವಿಷಯ ಪಕ್ಕಕ್ಕಿಟ್ಟಿದ್ದೇನೆ.

ನಕ್ಷತ್ರ ಎಣಿಸಿದರೆ ನರಹುಲಿ ಏಳುತ್ತದೆ ಅಂತ ನಮ್ಮಜ್ಜಿ ಹೆದರಿಸುತ್ತಿದ್ದರು. ಅಂಗಳದಲ್ಲಿ ಮಲಗಿದ ಮಕ್ಕಳು ಬೇಗ ಕಣ್ಣು ಮುಚ್ಚಲಿ ಎಂಬ ಉಪಾಯ ಇರಬೇಕು ಅದು! ನಿಜವಾದ ಕಾರಣ ಒಂದು ವೈರಾಣು. ಇಟಲಿಯ ಚುಫೋ ಎಂಬ ವೈದ್ಯರು 1907ರಲ್ಲೇ ನರಹುಲಿಯ ರಸವನ್ನು ಬ್ಯಾಕ್ಟೀರಿಯಾ ಕೂಡ ದಾಟಲಾಗದಷ್ಟು ಸೂಕ್ಷ್ಮವಾಗಿ ಸೋಸಿ, ಆಮೇಲೂ ಅದು ಅಂಟುತ್ತದೆಂದು ತೋರಿಸಿದ್ದರು. ಚರ್ಮದಲ್ಲಿ ಎಲ್ಲೋ ಸಣ್ಣ ತರಚು ಇದ್ದರೆ ಅಲ್ಲಿಂದ ಈ ವೈರಾಣು ಒಳಗೆ ಸೇರುತ್ತದೆ. ಕಣ್ಣಿಗೆ ಕಾಣುವಷ್ಟು ಬೆಳೆಯಲು ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅದಕ್ಕೆ ಬೇರು ಇರುತ್ತದೆ, ಬೇರುಸಹಿತ ಕೀಳಬೇಕು ಅನ್ನುತ್ತಾರಲ್ಲ, ಅದು ಸುಳ್ಳು. ನರಹುಲಿ ಚರ್ಮದ ಮೇಲಿನ ಪದರದಲ್ಲೇ ಇರುತ್ತದೆ. ಒಳಗೆ ಕಾಣುವ ಕಪ್ಪು ಚುಕ್ಕೆಗಳು ಹೆಪ್ಪುಗಟ್ಟಿದ ಸಣ್ಣ ರಕ್ತನಾಳಗಳು, ಬೇರೂ ಅಲ್ಲ, ಹುಳುವೂ ಅಲ್ಲ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿಯನ್ನು ಈಗ ಹೇಳುತ್ತೇನೆ. ನರಹುಲಿ ಬಹಳಷ್ಟು ಸಲ ತಾನೇ ಹೋಗುತ್ತದೆ. ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಒಂದು ವರ್ಷದೊಳಗೆ, ಮೂರರಲ್ಲಿ ಎರಡು ಪಾಲು ಎರಡು ವರ್ಷದೊಳಗೆ ಏನೂ ಮಾಡದೆಯೇ ಮಾಯವಾಗುತ್ತವೆ. ದೊಡ್ಡವರಲ್ಲಿ ಇನ್ನೂ ಸ್ವಲ್ಪ ತಡ. ಚರ್ಮದ ಮೇಲ್ಪದರದಲ್ಲಿ ಅಡಗಿ ಕೂತ ವೈರಾಣು ಮೈಯ ಕಾವಲುಗಾರರ ಕಣ್ಣಿಗೆ ಬೇಗ ಬೀಳುವುದಿಲ್ಲ. ಬಿದ್ದ ಮೇಲೆ ಹತ್ತು ಇದ್ದರೆ ಹತ್ತೂ ಒಟ್ಟಿಗೆ ಹೊರಟುಬಿಡುವುದುಂಟು. ಆ ವಾರ ನೀವು ಏನು ಹಚ್ಚುತ್ತಿದ್ದಿರೋ ಅದಕ್ಕೆ ಹೆಸರು ಬರುತ್ತದೆ! ದೇವಸ್ಥಾನದ ಕೊಳಕ್ಕೆ ಉಪ್ಪು, ಬೆಲ್ಲ ಹಾಕಿ ಅದು ಕರಗಿದ ಹಾಗೆ ಇದೂ ಕರಗಲಿ ಎಂದು ಹರಕೆ ಹೊರುತ್ತಾರೆ. ನಾನು ಅದನ್ನು ನಗುವುದಿಲ್ಲ. ಹರಕೆ ಹೊತ್ತವರು ಕೈ ಸುಟ್ಟುಕೊಳ್ಳುವುದಿಲ್ಲವಲ್ಲ.

ಹೀಗಿರುವಾಗ ಮನೆಮದ್ದನ್ನು ಅಳೆಯಬೇಕಾದ್ದು ಅದು ಎಷ್ಟು ಬೇಗ ಉದುರಿಸುತ್ತದೆ ಎಂಬುದರಿಂದಲ್ಲ, ಮೈಗೆ ಏನು ಹಾನಿ ಮಾಡುತ್ತದೆ ಎಂಬುದರಿಂದ. ಹರಳೆಣ್ಣೆ, ತುಳಸಿ ರಸ, ಬಾಳೆಹಣ್ಣಿನ ಸಿಪ್ಪೆಯ ಒಳಮೈ, ಹೆಚ್ಚಿದ ಆಲೂಗಡ್ಡೆ ಇವೆಲ್ಲ ಸಾಧು ಮದ್ದುಗಳು. ಹಚ್ಚಿಕೊಂಡರೆ ಕೇಡಿಲ್ಲ, ದೊಡ್ಡ ಪವಾಡವೂ ಇಲ್ಲ. ಬೆಳ್ಳುಳ್ಳಿ ಹಾಗಲ್ಲ. ಜಜ್ಜಿ ರಾತ್ರಿಯಿಡೀ ಕಟ್ಟಿದರೆ ಬೆಳಗ್ಗೆ ನೀರುಗುಳ್ಳೆ ಎದ್ದಿರುತ್ತದೆ. ಮಕ್ಕಳ ಕೈಗಂತೂ ಕಟ್ಟಲೇಬೇಡಿ.

ಇನ್ನು ಉಗ್ರ ಮದ್ದುಗಳು. ಎಲೆ ಅಡಿಕೆಯ ಸುಣ್ಣಕ್ಕೆ ಬಟ್ಟೆ ಒಗೆಯುವ ಸೋಡಾ ಕಲಸಿ ಕಡ್ಡಿಯಿಂದ ಇಡುವ ಪದ್ಧತಿ ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ಎರಡೂ ಮನೆಯಲ್ಲೇ ಇರುವ ಸಾಮಾನು, ಏನಾದೀತು ಅನಿಸುತ್ತದೆ. ಆದರೆ ಅವೆರಡೂ ನೀರಲ್ಲಿ ಸೇರಿದರೆ ಹುಟ್ಟುವುದು ಕಾಸ್ಟಿಕ್ ಸೋಡಾ, ಸಾಬೂನು ಕಾಯಿಸಲು ಹಾಕುವ ಅದೇ ವಸ್ತು. ಅದಕ್ಕೆ ನರಹುಲಿ ಯಾವುದು, ಒಳ್ಳೆಯ ಚರ್ಮ ಯಾವುದು ಅಂತ ಗೊತ್ತಾಗುವುದಿಲ್ಲ, ಕೆಳಗಿಳಿಯುತ್ತಾ ಹೋಗುತ್ತದೆ. ನರಹುಲಿ ಹೋದರೆ ಗುರುತಿಲ್ಲದ ಹಾಗೆ ಹೋಗುತ್ತದೆ, ಸುಟ್ಟ ಕಲೆ ಜನ್ಮಕ್ಕೆ ಉಳಿಯುತ್ತದೆ. ಯಾರಾದರೂ ಈಗಾಗಲೇ ಹಚ್ಚಿಕೊಂಡು ಉರಿ ಉರಿ ಎನ್ನುತ್ತಿದ್ದರೆ, ನಲ್ಲಿ ತಿರುಗಿಸಿ ಇಪ್ಪತ್ತು ನಿಮಿಷ ಹರಿಯುವ ನೀರಲ್ಲಿ ಹಿಡಿಯಿರಿ. ನಿಂಬೆರಸ ಹಿಂಡಲು ಹೋಗಬೇಡಿ. ಆಮೇಲೆ ವೈದ್ಯರಿಗೆ ತೋರಿಸಿ.

ಎಕ್ಕದ ಹಾಲು, ಕಳ್ಳಿಹಾಲು, ಗೇರುಬೀಜದ ಸಿಪ್ಪೆಯ ಎಣ್ಣೆ, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು ಇವೂ ಇದೇ ಜಾತಿ. ಎಕ್ಕದ ಹಾಲಿನ ಬಗ್ಗೆ ಒಂದು ಮಾತು. ಅದು ಮುಟ್ಟಿದ ಕೈಯಿಂದ ಕಣ್ಣುಜ್ಜಿಕೊಂಡರೆ ನೋವೇ ಇಲ್ಲದೆ ದೃಷ್ಟಿ ಮಂಜಾಗುವುದುಂಟು. ನೋವಿಲ್ಲವಲ್ಲ ಅಂತ ಜನ ಸುಮ್ಮನಿರುತ್ತಾರೆ, ಅಲ್ಲೇ ಅಪಾಯ ಇರುವುದು.

ನಮ್ಮ ದೂರದ ನೆಂಟರಲ್ಲಿ ಒಬ್ಬ ಹಿರಿಯಾಕೆಗೆ ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಪಾದದಲ್ಲಿ ಗಂಟು ಎದ್ದಿತ್ತು. ಯಾರೋ ಹೇಳಿದರು ಅಂತ ಗೇರೆಣ್ಣೆ ಬಿಟ್ಟುಕೊಂಡರು. ಉರಿಯಲೇ ಇಲ್ಲವಂತೆ. ಎಲ್ಲಿಂದ ಉರಿಯಬೇಕು, ಕಾಲಿನ ಸ್ಪರ್ಶವೇ ಹೋಗಿತ್ತಲ್ಲ! ಉರಿಯಲಿಲ್ಲ ಅಂತ ಮರುದಿನ ಮತ್ತೆ ಬಿಟ್ಟರು, ಅದರ ಮರುದಿನವೂ ಬಿಟ್ಟರು. ಸೊಸೆ ಕಾಲು ತೊಳೆಯಲು ಕೂತಾಗಲೇ ವಾಸನೆ ಬಂದು ಗೊತ್ತಾದದ್ದು. ಮೂರು ತಿಂಗಳು ಡ್ರೆಸಿಂಗು ಮಾಡಿಸಿದರೂ ಒಂದು ಬೆರಳು ಉಳಿಯಲಿಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಅವರ ಕಾಲಿನ ಗಂಟಿಗೆ ಮನೆಮದ್ದೂ ಬೇಡ, ಅಂಗಡಿ ಮದ್ದೂ ಬೇಡ, ಬ್ಲೇಡಂತೂ ಮೊದಲೇ ಬೇಡ.

ಕಾಲಿನದು ಆಣಿಯೋ ನರಹುಲಿಯೋ ಅಂತ ತಿಳಿಯುವುದು ಹೇಗೆ ಎಂದು ಕೇಳುತ್ತೀರಿ. ನೇರವಾಗಿ ಒತ್ತಿದರೆ ನೋವಾಗುವುದು ಸಾಮಾನ್ಯವಾಗಿ ಆಣಿ. ಎರಡು ಬೆರಳಲ್ಲಿ ಪಕ್ಕದಿಂದ ಚಿವುಟಿದರೆ ನೋವಾಗುವುದು ನರಹುಲಿ. ಪಾದದ ಗೆರೆಗಳು ಆಣಿಯ ಮೇಲೆ ಹಾದು ಹೋಗುತ್ತವೆ, ನರಹುಲಿಯ ಹತ್ತಿರ ಬಂದು ಕಡಿದು ಹೋಗುತ್ತವೆ. ಕಪ್ಪು ಚುಕ್ಕೆ ಕಂಡರೆ ಬಹುಮಟ್ಟಿಗೆ ನರಹುಲಿಯೇ.

ಕತ್ತಿನಲ್ಲಿ, ಕಂಕುಳಲ್ಲಿ ಮೆತ್ತಗೆ ನೇತಾಡುವುದಕ್ಕೂ ನಾವು ನರಹುಲಿ ಎಂದೇ ಕರೆಯುತ್ತೇವೆ. ಅದು ಬೇರೆ, ಅಂಟುವುದಿಲ್ಲ. ಮೈ ಬಂದವರಲ್ಲಿ, ಸಕ್ಕರೆ ಕಾಯಿಲೆಯ ಕಡೆ ವಾಲಿದವರಲ್ಲಿ ಹೆಚ್ಚು. ಹಾಗಾಗಿ ನಲವತ್ತು ದಾಟಿ ಕತ್ತಿನ ಸುತ್ತ ಅವು ತುಂಬಿಕೊಂಡರೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಕುದುರೆ ಬಾಲದ ಕೂದಲು ಕಟ್ಟುವ ಹಳ್ಳಿ ಮದ್ದು ಫಲಿಸುವುದು ಇದಕ್ಕೇ. ಸಣ್ಣ ತೊಟ್ಟಿರುತ್ತದೆ, ಬಿಗಿದರೆ ರಕ್ತ ನಿಂತು ಉದುರುತ್ತದೆ. ತೊಟ್ಟೇ ಇಲ್ಲದ ಕೈಯ ನರಹುಲಿಗೆ ಕೂದಲು ಎಲ್ಲಿಗೆ ಕಟ್ಟುತ್ತೀರಿ? ಇದಕ್ಕೂ ಕೊಳೆ ಕೂದಲು ಕಟ್ಟಿ ಕೀವು ಮಾಡಿಕೊಳ್ಳುವುದಕ್ಕಿಂತ ವೈದ್ಯರ ಹತ್ತಿರ ತೆಗೆಸುವುದು ಮೇಲು, ಎರಡು ನಿಮಿಷದ ಕೆಲಸ.

ಕಾಯುವುದಕ್ಕೆ ಆಗುವುದೇ ಇಲ್ಲ ಎನ್ನುವವರಿಗೆ ಮನೆಯಲ್ಲೇ ಮಾಡಬಹುದಾದ, ಫಲ ಕಂಡಿರುವ ಒಂದು ಉಪಾಯವಿದೆ. ಔಷಧದ ಅಂಗಡಿಯಲ್ಲಿ ಸ್ಯಾಲಿಸಿಲಿಕ್ ಆಮ್ಲದ ದ್ರವ ಸಿಗುತ್ತದೆ, ಸುಮಾರು ನೂರಕ್ಕೆ 17 ಪಾಲಿನದು. ರಾತ್ರಿ ಪಾತ್ರೆ ತೊಳೆದಾದ ಮೇಲೆ ಕೈಯನ್ನು ಉಗುರು ಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಅದ್ದಿ. ಮೆತ್ತಗಾದ ಸತ್ತ ಚರ್ಮವನ್ನು ಮರಳುಕಾಗದದ ಚೂರಿನಿಂದ ಹಗುರವಾಗಿ ಉಜ್ಜಿ ಆ ಚೂರನ್ನು ಎಸೆದುಬಿಡಿ. ಸುತ್ತಲಿನ ಒಳ್ಳೆಯ ಚರ್ಮಕ್ಕೆ ವ್ಯಾಸಲೀನ್ ಬಳಿದು, ನರಹುಲಿಯ ನೆತ್ತಿಗೆ ಮಾತ್ರ ಒಂದು ತೊಟ್ಟು ಬಿಟ್ಟು ಒಣಗಿಸಿ. ದಿನಾ ಹೀಗೆ, 12 ವಾರದವರೆಗೆ. ಎಂಟು ದಿನ ಹಚ್ಚಿ ಏನೂ ಆಗಲಿಲ್ಲ ಅಂತ ಬಿಡುವವರೇ ಹೆಚ್ಚು! ಚರ್ಮ ಕೆಂಪಗಾಗಿ ನೊಂದರೆ ನಾಲ್ಕು ದಿನ ಬಿಟ್ಟು ಮತ್ತೆ ಶುರು ಮಾಡಿ. ಮುಖಕ್ಕೆ, ಗುಪ್ತಾಂಗಕ್ಕೆ, ಮಚ್ಚೆಗೆ ಇದನ್ನು ಹಚ್ಚಬಾರದು. ಬಸುರಿಯರು, ಪುಟ್ಟ ಮಕ್ಕಳ ತಾಯಂದಿರು ಮೊದಲು ವೈದ್ಯರನ್ನು ಕೇಳಿ.

ಅಂಟುಪಟ್ಟಿ ಸುತ್ತುವ ಉಪಾಯವನ್ನೂ ಒಬ್ಬರು ಕೇಳಿದ್ದಾರೆ. 2002ರಲ್ಲಿ ಅಮೆರಿಕದ ಒಂದು ಪರೀಕ್ಷೆಯಲ್ಲಿ ಅದು ಚೆನ್ನಾಗಿ ಫಲಿಸಿತು ಎಂದಾಯಿತು, ಆಮೇಲಿನ ಪರೀಕ್ಷೆಗಳಲ್ಲಿ ಅಷ್ಟು ಫಲ ಕಾಣಲಿಲ್ಲ. ಮಗು ಕೆರೆದುಕೊಳ್ಳದ ಹಾಗೆ ಮುಚ್ಚಿಡುವುದಕ್ಕಾದರೂ ಆದೀತು.

ಅಂಟದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ. ಬಚ್ಚಲಲ್ಲಿ ಕಾಲುಜ್ಜುವ ಕಲ್ಲು ಮನೆಮಂದಿಗೆಲ್ಲ ಒಂದೇ ಇರುತ್ತದಲ್ಲ, ಅದನ್ನು ಮೊದಲು ನೋಡಿ. ಒಬ್ಬರ ಪಾದದ್ದು ಎಲ್ಲರ ಪಾದಕ್ಕೂ ಹೋಗಲು ಅದಕ್ಕಿಂತ ಸುಲಭದ ದಾರಿ ಇಲ್ಲ. ನರಹುಲಿ ಇರುವವರಿಗೆ ಬೇರೆ ಕಲ್ಲು, ಬೇರೆ ಟವಲು, ಬೇರೆ ಉಗುರು ಕತ್ತರಿ ಇಡಿ. ಉಗುರು ಕಚ್ಚುವ ಮಕ್ಕಳಿಗೆ ಉಗುರಿನ ಸುತ್ತಲೇ ಏಳುತ್ತದೆ, ಅಲ್ಲಿಂದ ತುಟಿಗೂ ಬರುತ್ತದೆ. ಗಡ್ಡ ಹೆರೆಯುವ ಗಂಡಸರು ಅದರ ಮೇಲೆಯೇ ಬ್ಲೇಡು ಎಳೆದರೆ ಸಾಲಾಗಿ ಏಳುತ್ತದೆ. ಈಜುಕೊಳದ ಒದ್ದೆ ನೆಲದಲ್ಲಿ ಮಕ್ಕಳು ಚಪ್ಪಲಿ ಹಾಕಲಿ. ಪಕ್ಕದ ಹುಡುಗ ಕೈ ಮುಟ್ಟುವುದಿಲ್ಲ ಎಂದು ಬರೆದ ತಾಯಿ ನರಹುಲಿಗೆ ಒಂದು ಪಟ್ಟಿ ಅಂಟಿಸಿ ಕಳಿಸಿ, ಟೀಚರಿಗೂ ಒಂದು ಮಾತು ಹೇಳಿ. ಶಾಲೆ ಬಿಡಿಸುವ ಕಾಯಿಲೆ ಅಲ್ಲ ಇದು.

ಇದರಿಂದ ಗರ್ಭಕೊರಳಿನ ಕ್ಯಾನ್ಸರ್ ಬರುತ್ತದಂತೆ ಹೌದೇ ಎಂದು ಇಬ್ಬರು ಗಾಬರಿಯಿಂದ ಕೇಳಿದ್ದಾರೆ. ಈ ವೈರಾಣುವಿನ ಕುಟುಂಬ ದೊಡ್ಡದು, ನೂರಕ್ಕೂ ಹೆಚ್ಚು ಬಗೆ. ಕೈಕಾಲಿನ ನರಹುಲಿ ತರುವ ಬಗೆಯೇ ಬೇರೆ, ಆ ಕ್ಯಾನ್ಸರ್ ತರುವ 16, 18ನೇ ನಂಬರಿನ ಬಗೆಗಳೇ ಬೇರೆ. ಅವಕ್ಕೆ ಹೆಣ್ಣುಮಕ್ಕಳಿಗೆ 9ರಿಂದ 14 ವರ್ಷದೊಳಗೆ ಹಾಕಿಸುವ ಲಸಿಕೆ ಇದೆ, ನಿಮ್ಮ ವೈದ್ಯರನ್ನು ವಿಚಾರಿಸಿ. ಗುಪ್ತಾಂಗದಲ್ಲಿ ಗಂಟು ಕಂಡರೆ ಮಾತ್ರ ನಾಚಿಕೆ ಬಿಟ್ಟು ಲೇಡಿ ಡಾಕ್ಟರಿಗೆ ತೋರಿಸಿ. ಹಾಗೆಯೇ ವಯಸ್ಸಾದವರಲ್ಲಿ ಹೊಸದಾಗಿ ಎದ್ದು ರಕ್ತ ಬರುವುದು, ಬಣ್ಣ ಬದಲಾಗುವುದು, ಬೇಗ ಬೆಳೆಯುವುದು ಯಾವುದನ್ನೂ ನರಹುಲಿ ಎಂದುಕೊಂಡು ಬಿಡಬೇಡಿ.

ಗಲ್ಲದ ಮೇಲೆ ಎರಡು ನರಹುಲಿಯ ಹುಡುಗಿಯ ತಾಯಿಗೆ ನನ್ನ ಉತ್ತರ ಇಷ್ಟೇ. ಸುಣ್ಣದ ಡಬ್ಬಿ ಮುಚ್ಚಿಡಿ. ಚರ್ಮದ ವೈದ್ಯರ ಹತ್ತಿರ ಈ ವಾರವೇ ಹೋಗಿ, ಮುಂದಿನ ತಿಂಗಳ ವಿಷಯವನ್ನೂ ಅವರಿಗೆ ಹೇಳಿ. ತಣ್ಣಗೆ ಸುಡುವುದು, ಕರೆಂಟಿನಿಂದ ತೆಗೆಯುವುದು ಎಲ್ಲ ಇವೆ. ಆದರೆ ಯಾವುದಾದರೂ ಗಾಯ ಮಾಗಿ ಬಣ್ಣ ಕೂಡಲು ವಾರಗಳು ಬೇಕು. ನಮ್ಮ ಮೈಬಣ್ಣದವರಿಗೆ ಕಪ್ಪು ಇಲ್ಲವೆ ಬಿಳಿ ಗುರುತು ತಿಂಗಳುಗಟ್ಟಲೆ ನಿಲ್ಲುವುದೂ ಉಂಟು. ಈಗ ತೆಗೆಸುವುದೋ, ಅವರು ಬಂದು ಹೋದ ಮೇಲೋ ಎಂದು ವೈದ್ಯರೂ ನೀವೂ ಹುಡುಗಿಯನ್ನು ಕೇಳಿಕೊಂಡೇ ತೀರ್ಮಾನಿಸಿ, ಮುಖ ಅವಳದು. ಆದದ್ದನ್ನು ನನಗೆ ಬರೆಯಲು ಮರೆಯಬೇಡಿ.