ಜಾಗ್ವಾರ್‌ಗೆ ಹೊಸ ಕಣ್ಣು ಕೊಟ್ವಿ, ಹೊಸ ಎಂಜಿನ್ ಕೊಡಲಿಲ್ಲ | ವಿಮಾನದ ಮಾತು, ಭಾಗ 6

ಜಾಗ್ವಾರ್ ಫೋಟೋ ಹಾಕಿದ್ರೆ ಸಾಕು, ಕಾಮೆಂಟ್‌ನಲ್ಲಿ ಎರಡೇ ಥರದ ಮಾತು ಬರುತ್ತೆ. ಒಂದು: "ಡಬ್ಬಾ ವಿಮಾನ ಗುರು, ಮ್ಯೂಸಿಯಂಗೆ ಕಳಿಸಿ." ಇನ್ನೊಂದು: ಎಷ್ಟು ಬಾಂಬ್ ಹೊರುತ್ತೆ ಅಂತ ಲೆಕ್ಕ ಹಾಕಿ, ಪಕ್ಕದಲ್ಲಿ ಬೆಂಕಿ ಇಮೋಜಿ. ನನ್ನ ಪ್ರಕಾರ ಎರಡೂ ತಪ್ಪು. ಪೂರ್ತಿ ಓದಿ, ಆಮೇಲೆ ಜಗಳಕ್ಕೆ ಬನ್ನಿ.

ಮೊದಲು ಇದು ಏನು ಅಂತ ನೋಡೋಣ. ಬ್ರಿಟನ್ ಮತ್ತು ಫ್ರಾನ್ಸ್ ಸೇರಿ ಮಾಡಿದ ವಿಮಾನ. ಮೊದಲು ಹಾರಿದ್ದು 1968ರಲ್ಲಿ. ನಮ್ಮ ವಾಯುಪಡೆಗೆ ಬಂದಿದ್ದು 1979ರಲ್ಲಿ. ಇಲ್ಲಿ ಇಟ್ಟ ಹೆಸರು ಶಂಶೇರ್, ಅಂದ್ರೆ ಕತ್ತಿ. ಮೊದಲ ವಿಮಾನಗಳು ಬ್ರಿಟನ್‌ನಿಂದ ಬಂದವು, ಆಮೇಲಿನ ಬಹುಪಾಲು ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾದವು. ಆಕಾಶದಲ್ಲಿ ಇನ್ನೊಂದು ವಿಮಾನದ ಜೊತೆ ಗುದ್ದಾಡೋದು ಇದರ ಮುಖ್ಯ ಕೆಲಸ ಅಲ್ಲ. ನೆಲಕ್ಕೆ ಅಂಟಿಕೊಂಡ ಹಾಗೆ ಹಾರಿ, ರಾಡಾರ್ ಕಣ್ಣು ತಪ್ಪಿಸಿ, ರನ್‌ವೇನೋ ಸೇತುವೆನೋ ಒಡೆದು ವಾಪಸ್ ಬರೋದು ಇದರ ಕೆಲಸ.

ಈಗ ಮೊದಲನೇ ಫೋಟೋದಲ್ಲಿ ರೆಕ್ಕೆ ನೋಡಿ. ವಿಮಾನ 17 ಮೀಟರ್ ಹತ್ತಿರ ಉದ್ದ ಇದೆ, ರೆಕ್ಕೆ ಈ ತುದಿಯಿಂದ ಆ ತುದಿಗೆ 9 ಮೀಟರೂ ಇಲ್ಲ. ಇಷ್ಟು ಪುಟ್ಟ ರೆಕ್ಕೆ ಯಾಕೆ? ನೆಲದ ಹತ್ತಿರ ಗಾಳಿ ತುಂಬಾ ಒರಟು. ಹೊಲದ ದಾರೀಲಿ ಖಾಲಿ ಟ್ರೇಲರ್ ಎಷ್ಟು ಕುಣಿಯುತ್ತೆ, ಕಬ್ಬು ತುಂಬಿದ ಟ್ರೇಲರ್ ಎಷ್ಟು ಗಟ್ಟಿಯಾಗಿ ಹೋಗುತ್ತೆ ನೋಡಿದ್ದೀರಲ್ಲ? ಇಲ್ಲೂ ಹಾಗೇ. ಸಣ್ಣ ರೆಕ್ಕೆ ಮೇಲೆ ಹೆಚ್ಚು ಭಾರ ಬಿದ್ದರೆ ಗಾಳಿ ಅದನ್ನ ಸುಲಭವಾಗಿ ಅಲುಗಾಡಿಸೋಕೆ ಆಗಲ್ಲ. ಪೈಲಟ್ ಗುರಿ ಸರಿಯಾಗಿ ಇಡಬಹುದು. ಆದರೆ ಅದೇ ಸಣ್ಣ ರೆಕ್ಕೆ ಎತ್ತರಕ್ಕೆ ಹೋದಾಗ, ಬಿಗಿಯಾಗಿ ತಿರುಗುವಾಗ ಕೈಕೊಡುತ್ತೆ. ವಿನ್ಯಾಸ ಅಂದ್ರೆ ಇದೇ: ಒಂದನ್ನ ಪಡೆಯೋಕೆ ಇನ್ನೊಂದನ್ನ ಬಿಡಬೇಕು.

ಇನ್ನು ಆಯುಧ. ಎರಡು 30 ಮಿ.ಮೀ. ಏಡನ್ ಫಿರಂಗಿ ಒಡಲಲ್ಲೇ ಇವೆ. ರೆಕ್ಕೆ ಕೆಳಗೆ ನಾಲ್ಕು, ಹೊಟ್ಟೆ ಕೆಳಗೆ ಒಂದು, ಒಟ್ಟು ಐದು ಕಡೆ ಭಾರ ತೂಗುಹಾಕಬಹುದು. ಸುಮಾರು 4,500 ಕೆಜಿ ಹೊರುತ್ತೆ ಅಂತ ಪೋಸ್ಟರ್‌ನಲ್ಲಿ ಬರೆದಿರುತ್ತೆ. ಆದರೆ ದೂರ ಹೋಗಬೇಕು ಅಂದ್ರೆ ಎರಡು ಕಡೆ ಇಂಧನದ ಟ್ಯಾಂಕ್ ಹಾಕಬೇಕು. ಲೇಸರ್ ಬಾಂಬ್ ಬಿಡಬೇಕು ಅಂದ್ರೆ ಗುರಿ ತೋರಿಸೋ ಪಾಡ್‌ಗೆ ಒಂದು ಜಾಗ ಹೋಯ್ತು. ಬಾಂಬ್‌ಗೆ ಉಳಿದಿದ್ದು ಎರಡೇ! ಹಾಗಾದ್ರೆ ತನ್ನನ್ನ ಕಾಪಾಡಿಕೊಳ್ಳೋ ಕ್ಷಿಪಣಿ ಎಲ್ಲಿ? ರೆಕ್ಕೆ ಮೇಲೆ. ಹೌದು, ಮೇಲ್ಗಡೆ! ಮೂರನೇ ಫೋಟೋ ನೋಡಿ. ಮೊದಲು ಫ್ರಾನ್ಸಿನ ಮ್ಯಾಜಿಕ್ ಕ್ಷಿಪಣಿ ಅಲ್ಲಿ ಕೂತಿತ್ತು, ಆಮೇಲೆ ಬ್ರಿಟನ್ನಿನ ಆಸ್ರಾಮ್. ಕೆಳಗಿನ ಒಂದು ಜಾಗವೂ ವೇಸ್ಟ್ ಆಗಬಾರದು ಅಂತ ಮಾಡಿದ ಜಾಣತನ ಇದು. ಇಂಥದ್ದನ್ನ ಡಬ್ಬಾ ಅನ್ನೋಕೆ ನನಗಂತೂ ಮನಸ್ಸು ಬರಲ್ಲ.

ಅಸಲಿ ತಕರಾರು ಈಗ ಶುರು. ವಿಮಾನದ ಜೊತೆ ಬಂದ ದಾರಿ ತೋರಿಸೋ, ಗುರಿ ಹಿಡಿಯೋ ವ್ಯವಸ್ಥೆ ನಮ್ಮ ವಾಯುಪಡೆಗೆ ಸಾಲಲಿಲ್ಲ. 1980ರ ದಶಕದಲ್ಲಿ ನಮ್ಮವರೇ ಹೊಸದು ಜೋಡಿಸಿದರು. ಅದರ ಹೆಸರು ಡ್ಯಾರಿನ್. ಆಮೇಲೆ ಡ್ಯಾರಿನ್ 2 ಬಂತು. ಡ್ಯಾರಿನ್ 3 ಹಾಕಿದ ವಿಮಾನ 2012ರಲ್ಲಿ ಬೆಂಗಳೂರಿನಲ್ಲಿ ಮೊದಲ ಸಲ ಹಾರಿತು. ಅದರ ಜೊತೆ ಹೊಸ ಪರದೆಗಳು, ಹೊಸ ರಾಡಾರ್. ಹಡಗು ಹೊಡೆಯೋ ಜಾಗ್ವಾರ್‌ಗೆ ಹಾರ್ಪೂನ್ ಕ್ಷಿಪಣಿನೂ ಬಂತು. ಎಲ್ಲ ಸರಿ, ಹೆಮ್ಮೆ ಪಡೋ ವಿಷಯನೇ.

ಎಂಜಿನ್ ಮಾತ್ರ ಅದೇ ಅಡೂರ್. ಯುರೋಪಿನ ತಂಪು ಗಾಳಿಯಲ್ಲೇ ಶಕ್ತಿ ಸಾಲದು ಅಂತ ಹೆಸರಾದ ಎಂಜಿನ್ ಅದು. ಭೂಮಿ ದುಂಡಗಿರೋದ್ರಿಂದಲೇ ಜಾಗ್ವಾರ್ ಟೇಕಾಫ್ ಆಗುತ್ತೆ ಅಂತ ಬ್ರಿಟಿಷ್ ಪೈಲಟ್‌ಗಳೇ ತಮಾಷೆ ಮಾಡ್ತಿದ್ರು. ನಮ್ಮಲ್ಲಿ ಇವು ಇರೋದು ಅಂಬಾಲಾ, ಗೋರಖ್‌ಪುರ, ಜಾಮ್‌ನಗರದಲ್ಲಿ. ಮೇ ತಿಂಗಳ ಬಿಸಿಲು ನೆನಪಿಸಿಕೊಳ್ಳಿ. ಬಿಸಿ ಗಾಳಿ ತೆಳುವಾಗಿರುತ್ತೆ, ಅದರಲ್ಲಿ ಜೆಟ್ ಎಂಜಿನ್ ತಳ್ಳೋ ಬಲ ಕಡಿಮೆ ಆಗುತ್ತೆ, ರೆಕ್ಕೆ ಎತ್ತೋ ಬಲನೂ ಕಡಿಮೆ ಆಗುತ್ತೆ. ಅಮೆರಿಕದ ಹನಿವೆಲ್ ಕಂಪನಿಯ ಎಫ್125 ಎಂಜಿನ್ ಹಾಕೋ ಯೋಚನೆ ವರ್ಷಗಟ್ಟಲೆ ನಡೆದು, ದುಡ್ಡು ಜಾಸ್ತಿ ಆಯ್ತು ಅಂತ 2019ರಲ್ಲಿ ನಿಂತುಹೋಯ್ತು.

"ಹಳೇ ವಿಮಾನಕ್ಕೆ ಅಷ್ಟು ದುಡ್ಡು ಯಾಕೆ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಫ್ರಾನ್ಸ್ 2005ರಲ್ಲಿ, ಬ್ರಿಟನ್ 2007ರಲ್ಲಿ, ಒಮಾನ್ 2014ರಲ್ಲಿ ಜಾಗ್ವಾರ್‌ಗೆ ವಿದಾಯ ಹೇಳಿದವು. ನಾವು ಇನ್ನೂ ಹಾರಿಸ್ತಿದ್ದೀವಿ. ಬಿಡೋದಾದ್ರೆ ಬೇಗ ಬಿಡಬೇಕಿತ್ತು, ಹಾರಿಸೋದಾದ್ರೆ ಎಂಜಿನ್ ಕೊಡಬೇಕಿತ್ತು. ಕಣ್ಣಿಗೆ ಖರ್ಚು ಮಾಡಿ ಕಾಲಿಗೆ ಮಾಡದೇ ಇರೋದು ನನಗೆ ಸರಿ ಕಾಣಲ್ಲ.

2025ರಲ್ಲಿ ಮೂರು ಜಾಗ್ವಾರ್ ಬಿದ್ದವು: ಮಾರ್ಚ್‌ನಲ್ಲಿ ಅಂಬಾಲಾ ಕಡೆ, ಏಪ್ರಿಲ್‌ನಲ್ಲಿ ಜಾಮ್‌ನಗರದ ಹತ್ತಿರ, ಜುಲೈನಲ್ಲಿ ರಾಜಸ್ಥಾನದ ಚೂರುವಿನಲ್ಲಿ. ಚೂರುವಿನಲ್ಲಿ ಇಬ್ಬರು ಪೈಲಟ್‌ಗಳೂ ತೀರಿಕೊಂಡರು. ಅದಕ್ಕೆಲ್ಲ ಎಂಜಿನ್ ಶಕ್ತಿನೇ ಕಾರಣ ಅಂತ ನಾನು ಹೇಳ್ತಿಲ್ಲ, ಹಾಗೆ ಹೇಳೋದು ತನಿಖೆ ಮಾಡೋರ ಕೆಲಸ. ಆದರೆ ನೆಲಕ್ಕೆ ಹತ್ತಿರ ಹಾರೋನಿಗೆ ಏನಾದ್ರೂ ಎಡವಟ್ಟಾದಾಗ ಸರಿಮಾಡಿಕೊಳ್ಳೋಕೆ ಸಿಗೋದು ಕೆಲವೇ ಸೆಕೆಂಡ್. ಅಂಥ ಹೊತ್ತಲ್ಲಿ ಜಾಸ್ತಿ ಶಕ್ತಿ ಇರೋ ಎಂಜಿನ್ ಅಂದ್ರೆ ಜಾಸ್ತಿ ಅವಕಾಶ. ಹಾಗಾಗಿ ಆ ಸುದ್ದಿ ಕೆಳಗೆ "ಹಾರುವ ಶವಪೆಟ್ಟಿಗೆ" ಅಂತ ಬರೆದು ನಗೋರನ್ನ ಕಂಡ್ರೆ ಬೇಜಾರಾಗುತ್ತೆ.

ಇಂಜಿನಿಯರಿಂಗ್ ಓದ್ತಿರೋರಿಗೆ, ಓದಬೇಕು ಅಂತ ಇರೋರಿಗೆ ಒಂದು ಮಾತು. ರಾಡಾರ್, ಕ್ಷಿಪಣಿ ಫೋಟೋದಲ್ಲಿ ಚೆಂದ ಕಾಣುತ್ತೆ, ಎಂಜಿನ್ ಒಡಲೊಳಗೆ ಅಡಗಿರುತ್ತೆ. ಅದಕ್ಕೇ ಅದರ ಬಗ್ಗೆ ರೀಲ್ಸ್ ಕಡಿಮೆ. ಆದರೆ ತೇಜಸ್ ಹಾರ್ತಿರೋದೂ ಅಮೆರಿಕದ ಎಂಜಿನ್‌ನಲ್ಲೇ. ಅಲ್ಲಿಂದ ಎಂಜಿನ್ ತಡವಾದ್ರೆ ಇಲ್ಲಿ ತೇಜಸ್ ಕೂಡ ತಡ. ನಮ್ಮ ಕಾವೇರಿ ಎಂಜಿನ್ ಕೆಲಸ ಬೆಂಗಳೂರಿನಲ್ಲೇ 1980ರ ದಶಕದಲ್ಲಿ ಶುರುವಾಯ್ತು, ತೇಜಸ್‌ಗೆ ಕೂರೋ ಹಂತ ಇನ್ನೂ ಮುಟ್ಟಿಲ್ಲ. ಬಿಸಿ ತಡೆಯೋ ಲೋಹ, ಟರ್ಬೈನ್ ಬ್ಲೇಡ್, ದಹನ: ಈ ಬೋರಿಂಗ್ ಅನ್ನಿಸೋ ವಿಷಯಗಳಲ್ಲೇ ನಮಗೆ ಜನ ಬೇಕಾಗಿರೋದು.

ಇನ್ಮೇಲೆ ಯಾವುದೇ ಯುದ್ಧವಿಮಾನದ ಪೋಸ್ಟ್ ನೋಡಿದಾಗ "ಎಷ್ಟು ಬಾಂಬ್?" ಅಂತ ಕೇಳೋ ಮೊದಲು "ಎಂಜಿನ್ ಯಾರದ್ದು, ಸಾಕಾಗುತ್ತಾ?" ಅಂತ ಕೇಳಿ. ಒಪ್ಪಲ್ಲ ಅನ್ನೋರು ಕಾರಣ ಸಮೇತ ಕಾಮೆಂಟ್ ಹಾಕಿ, ಓದ್ತೀನಿ. ಭಾಗ 7ರಲ್ಲಿ ಕಾವೇರಿ ಎಂಜಿನ್ ಕಥೆ.

#ವಿಮಾನದಮಾತು #ಜಾಗ್ವಾರ್ #ಶಂಶೇರ್ #ಕನ್ನಡದಲ್ಲಿವಿಜ್ಞಾನ