‘ತಡ್ಕೋ’ ಅನ್ನುವುದೊಂದೇ ಬುದ್ಧಿಮಾತಲ್ಲ

ಮಿಲಿಟರಿ ಹುಡುಗನನ್ನು ಮದುವೆಯಾಗಿ ಬಂದ ಸೊಸೆಗೆ ನಮ್ಮ ಊರುಗಳಲ್ಲಿ ಎಲ್ಲರೂ ಹೇಳುವ ಮಾತು ಒಂದೇ: ‘ತಡ್ಕೊಂಡು ಹೋಗಬೇಕವ್ವಾ.’ ಅತ್ತೆಯೂ ಅದನ್ನೇ ಹೇಳುತ್ತಾರೆ, ತವರಿನವರೂ ಅದನ್ನೇ ಹೇಳುತ್ತಾರೆ. ರಜೆ ಮುಗಿಸಿ ಗಂಡ ರೈಲು ಹತ್ತಿದ ಮೇಲೆ ಈ ಒಂದು ಮಾತನ್ನೇ ಹಿಡಿದುಕೊಂಡು ಆಕೆ ಮನೆ, ಹೊಲ, ಮಕ್ಕಳು, ಸಾಲ ಎಲ್ಲವನ್ನೂ ತೂಗಿಸಬೇಕು.

ಇದು ಸಾಲದು ಅನ್ನುವುದು ನಮ್ಮ ಅಭಿಪ್ರಾಯ. ಅದೇ ಊರಿನ ಇನ್ನೊಂದು ಓಣಿಯಲ್ಲಿ ಇಪ್ಪತ್ತು ವರ್ಷ ಇದೇ ಬಾಳು ಬಾಳಿದ ಹಿರಿಯಕ್ಕ ಇರುತ್ತಾರೆ. ಅವರಿಗೆ ತಾಳ್ಮೆ ಮಾತ್ರವಲ್ಲ, ಯಾವ ಕಾಗದ ಯಾವಾಗ ಮಾಡಿಸಬೇಕು, ಯಾವ ಸುದ್ದಿಯನ್ನು ನಂಬಬಾರದು, ರಜೆಗೆ ಬಂದ ಗಂಡನ ಹತ್ತಿರ ಏನನ್ನು ಯಾವಾಗ ಮಾತಾಡಬೇಕು ಎಲ್ಲವೂ ಗೊತ್ತು. ಆದರೆ ಅವರನ್ನು ಯಾರೂ ಕೇಳುವುದಿಲ್ಲ, ಅವರಾಗಿ ಹೇಳುವುದೂ ಇಲ್ಲ. ಈ ತಿಳಿವಳಿಕೆ ಅವರೊಂದಿಗೇ ಮುಗಿದುಹೋಗುತ್ತಿದೆ.

ಕಂಟೋನ್ಮೆಂಟಿನಲ್ಲಿ ಹೀಗಿಲ್ಲ. ಅಲ್ಲಿ ಕ್ವಾರ್ಟರ್ಸ್ ಸಿಕ್ಕರೆ ಪಕ್ಕದ ಮನೆಯ ಪಂಜಾಬಿ ಅಕ್ಕನೋ ಕೇರಳದ ಚೇಚಿಯೋ ಹೊಸಬಳಿಗೆ ಎಲ್ಲವನ್ನೂ ಹೇಳಿಕೊಡುತ್ತಾರೆ. ಸೈನಿಕರ ಹೆಂಡತಿಯರ ಕಲ್ಯಾಣಕ್ಕಾಗಿ 1966ರಿಂದ ‘ಆವಾ’ ಎಂಬ ಸಂಸ್ಥೆಯೇ ಇದೆ. ಯೂನಿಟ್ಟುಗಳಲ್ಲಿ ಹೆಂಗಸರ ಸಭೆಗಳು ನಡೆಯುತ್ತವೆ. ಆದರೆ ಗಂಡ ಗಡಿ ಕಡೆ ಫೀಲ್ಡ್ ಪೋಸ್ಟಿಂಗಿನಲ್ಲಿದ್ದರೆ ಹೆಂಡತಿ ಜೊತೆಗಿರುವಂತಿಲ್ಲ. ಪೀಸ್ ಪೋಸ್ಟಿಂಗ್ ಆದರೂ ಕ್ವಾರ್ಟರ್ಸಿಗೆ ಸರದಿ ಕಾಯಬೇಕು. ಹಾಗಾಗಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ಕೊಡಗು, ಹಾಸನದ ಕಡೆಯ ಎಷ್ಟೋ ಜವಾನರ ಹೆಂಡತಿಯರು ವರ್ಷದ ಬಹುಪಾಲು ಊರಲ್ಲೇ ಇರುತ್ತಾರೆ. ಅಲ್ಲಿ ಅವರಿಗೆ ಸಭೆಯೂ ಇಲ್ಲ, ಪಕ್ಕದ ಮನೆಯ ಚೇಚಿಯೂ ಇಲ್ಲ.

ಹಿರಿಯರಿಗೆ ಗೊತ್ತಿರುವುದು ಹಳೇ ಕಾಲದ್ದು, ಈಗ ಉಪಯೋಗಕ್ಕೆ ಬಾರದು ಅನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಆಗ ಪತ್ರಕ್ಕೆ ಬರೆಯುತ್ತಿದ್ದ ವಿಳಾಸ ‘56 ಎಪಿಓ’ ಅಥವಾ ‘99 ಎಪಿಓ’ ಅಷ್ಟೇ. ಗಂಡ ಯಾವ ಊರಲ್ಲಿದ್ದಾನೆಂದು ವಿಳಾಸ ನೋಡಿದರೆ ಗೊತ್ತಾಗುತ್ತಿರಲಿಲ್ಲ. ಓದು ಬಾರದವರು ಇನ್‌ಲ್ಯಾಂಡ್ ಪತ್ರವನ್ನು ಪೋಸ್ಟ್‌ಮ್ಯಾನ್ ಕೈಲೋ ಶಾಲೆಯ ಮೇಷ್ಟ್ರ ಕೈಲೋ ಓದಿಸಿಕೊಳ್ಳುತ್ತಿದ್ದರು. ಯಾವ ಮಾತು ಹೊರಗೆ ಹೋಗಬಹುದು, ಯಾವುದು ಹೋಗಬಾರದು ಅನ್ನುವ ಎಚ್ಚರ ಅವರಿಗೆ ಅಲ್ಲಿಂದಲೇ ಬಂದದ್ದು. ತಂತಿ ಬಂತೆಂದರೆ ಮನೆಯೇ ನಡುಗುತ್ತಿದ್ದ ಕಾಲ ಅದು. ಪೂರ್ತಿ ಓದಿಸಿ ಕೇಳುವವರೆಗೆ ಎದೆ ಗಟ್ಟಿ ಮಾಡಿಕೊಂಡು ನಿಲ್ಲುವುದನ್ನು ಅವರು ಕಲಿತಿದ್ದರು.

2013ರಲ್ಲಿ ತಂತಿ ಸೇವೆ ನಿಂತಿತು, ಆದರೆ ಆ ಎಚ್ಚರ ಈಗ ಇನ್ನೂ ಹೆಚ್ಚು ಬೇಕು. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ನಡೆದಾಗ ವಾಟ್ಸಾಪಿನಲ್ಲಿ ಹಳೇ ವಿಡಿಯೊಗಳೂ ಸುಳ್ಳು ಸುದ್ದಿಗಳೂ ಎಷ್ಟು ಹರಿದಾಡಿದವು ಅನ್ನುವುದನ್ನು ನಾವೆಲ್ಲ ನೋಡಿದ್ದೇವೆ. ಗಂಡನ ಫೋನ್ ಹತ್ತದ ಆ ರಾತ್ರಿಗಳಲ್ಲಿ ಅದನ್ನು ನೋಡುತ್ತಾ ಕೂತ ಹೆಣ್ಣುಮಗಳ ಸ್ಥಿತಿ ಏನಾಗಬೇಡ? ‘ಫೋನ್ ಹತ್ತದಿದ್ದರೆ ಕೆಟ್ಟದ್ದೇ ಆಗಿದೆ ಎಂದಲ್ಲ. ಸುದ್ದಿ ಬರುವುದಾದರೆ ಯೂನಿಟ್ಟಿನಿಂದ ಬರುತ್ತದೆ, ಊರವರ ಫಾರ್ವರ್ಡಿನಿಂದಲ್ಲ. ಅವರಿರುವ ಜಾಗ ಸ್ಟೇಟಸ್ಸಿಗೆ ಹಾಕಬೇಡ’ ಎಂದು ಹೇಳುವ ಹಿರಿಯಕ್ಕ ಪಕ್ಕದಲ್ಲಿದ್ದರೆ ಅದಕ್ಕಿಂತ ದೊಡ್ಡ ಧೈರ್ಯ ಬೇರೆ ಇಲ್ಲ.

ಮನೆಯೊಳಗಿನ ವಿಷಯವೂ ಹಾಗೇ. ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಅದೂ ಕೇಳಿದಾಗ ಸಿಗುತ್ತದೆಂದೇನಿಲ್ಲ. ಬಂದ ಮೊದಲ ದಿನವೇ ಅತ್ತೆಯ ದೂರು, ಬೆಳೆಸಾಲದ ಲೆಕ್ಕ, ಭಾವ–ಮೈದುನರ ಜಗಳ ಎಲ್ಲವನ್ನೂ ಮುಂದೆ ಸುರಿದರೆ ಇಬ್ಬರಿಗೂ ನೆಮ್ಮದಿ ಇರುವುದಿಲ್ಲ. ಹಾಗಂತ ಹೇಳದೇ ಕಳಿಸಿದರೆ ಮುಂದಿನ ರಜೆವರೆಗೆ ಅದು ಒಳಗೇ ಕೊಳೆಯುತ್ತದೆ. ಅಪ್ಪನನ್ನು ಕಂಡು ಅಳುವ ಮಗುವನ್ನು ಹೇಗೆ ಹತ್ತಿರ ಮಾಡಬೇಕು ಅನ್ನುವುದೂ ಒಂದು ವಿದ್ಯೆಯೇ.

ಎಲ್ಲಕ್ಕಿಂತ ಕಷ್ಟದ್ದು ಪೆನ್ಶನ್ ಬಂದ ವರ್ಷ. ಜವಾನ 15 ವರ್ಷ ಸೇವೆ ಮುಗಿಸಿದರೆ ಪೆನ್ಶನ್ನಿಗೆ ಅರ್ಹ. ಎಷ್ಟೋ ಜನ ನಲವತ್ತರೊಳಗೇ ಊರಿಗೆ ಮರಳುತ್ತಾರೆ. ಅಷ್ಟು ವರ್ಷ ಒಬ್ಬಳೇ ಮನೆ ನಡೆಸಿದವಳ ಎದುರು ಈಗ ಇನ್ನೊಬ್ಬ ಯಜಮಾನ. ಯೂನಿಟ್ಟಿನ ಶಿಸ್ತು ಅಡುಗೆಮನೆಗೂ ಬರುತ್ತದೆ, ಜಗಳವಾಗುತ್ತದೆ. ಇದು ತಮ್ಮ ಮನೆಯಲ್ಲಿ ಮಾತ್ರ ನಡೆಯುತ್ತಿದೆ ಎಂದುಕೊಂಡು ಇಬ್ಬರೂ ಬಾಯಿ ಮುಚ್ಚಿಕೊಂಡಿರುತ್ತಾರೆ. ಆ ವರ್ಷಗಳನ್ನು ದಾಟಿ ಬಂದವರು ಒಂದು ಮಾತು ಹೇಳಿದರೆ ಸಾಕು, ಅರ್ಧ ಭಾರ ಇಳಿಯುತ್ತದೆ.

ಇನ್ನು ಕಾಗದಪತ್ರ. ಮದುವೆಯಾದ ಮೇಲೆ, ಮಗು ಹುಟ್ಟಿದ ಮೇಲೆ ಗಂಡ ಯೂನಿಟ್ಟಿನಲ್ಲಿ ‘ಪಾರ್ಟ್ ಟೂ ಆರ್ಡರ್’ ಮಾಡಿಸಬೇಕು. ಆಗಲೇ ಸೇನೆಯ ದಾಖಲೆಯಲ್ಲಿ ಹೆಂಡತಿ, ಮಕ್ಕಳ ಹೆಸರು ಸೇರುವುದು. ಆಧಾರ್, ಬ್ಯಾಂಕ್ ಪಾಸ್‌ಬುಕ್, ಸೇನೆಯ ದಾಖಲೆ ಮೂರರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಇರಬೇಕು. ನಮ್ಮ ಕಡೆ ಮದುವೆಯಾದ ಮೇಲೆ ಹೆಸರು ಬದಲಾಗುವುದುಂಟು, ಹುಟ್ಟಿದ ದಿನ ಶಾಲೆಯಲ್ಲಿ ಅಂದಾಜಿಗೆ ಬರೆಸಿರುವುದೂ ಉಂಟು. ಗಂಡನಿದ್ದಾಗ ಒಂದು ರಜೆಯಲ್ಲಿ ಮುಗಿಯುವ ತಿದ್ದುಪಡಿ, ಅವನಿಲ್ಲದಾಗ ವರ್ಷಗಟ್ಟಲೆ ಓಡಾಡಿಸುತ್ತದೆ. ಪಿಪಿಓದಲ್ಲಿ ಹೆಂಡತಿಯ ಹೆಸರಿದೆಯೇ, ‘ಸ್ಪರ್ಶ್’ನಲ್ಲಿ ವರ್ಷಕ್ಕೊಮ್ಮೆ ಜೀವಿತ ಪ್ರಮಾಣ ಕೊಟ್ಟಾಯಿತೇ, ಚಿಕಿತ್ಸೆಗೆ ಇಸಿಎಚ್‌ಎಸ್ ಕಾರ್ಡ್ ಇದೆಯೇ ಅನ್ನುವುದೂ ಆಕೆಗೆ ಗೊತ್ತಿರಬೇಕು.

ಕುಟುಂಬ ಪೆನ್ಶನ್ ಎಲ್ಲರಿಗೂ ಒಂದೇ ಅಲ್ಲ. ಸಾಮಾನ್ಯವಾಗಿ ಕೊನೆಯ ಸಂಬಳದ ಶೇ. 30. ಸೇವೆಯ ಕಾರಣದಿಂದ ಸಾವಾದರೆ ಶೇ. 60. ಯುದ್ಧ ಅಥವಾ ಕಾರ್ಯಾಚರಣೆಯಲ್ಲಿ ಮಡಿದರೆ ಕೊನೆಯ ಸಂಬಳದಷ್ಟೇ ಬರುತ್ತದೆ. ಇದನ್ನು ಬದುಕಿರುವ ಗಂಡನ ಮುಂದೆ ಮಾತಾಡುವುದು ಅಪಶಕುನ ಅನ್ನುತ್ತಾರೆ. ತಿಳಿಯದೇ ಇರುವುದೇ ದೊಡ್ಡ ಅಪಾಯ ಅನ್ನುತ್ತೇವೆ ನಾವು.

ಹಾಗೆಂದು ಹಳೆಯದೆಲ್ಲವನ್ನೂ ದಾಟಿಸಬೇಕಿಲ್ಲ. ‘ಹೆಣ್ಣಿಗ್ಯಾಕೆ ಲೆಕ್ಕ’ ಎಂದು ಎಟಿಎಂ ಕಾರ್ಡನ್ನು ಮೈದುನನ ಕೈಗೆ ಕೊಡುವ ಪದ್ಧತಿ ನಿಲ್ಲಬೇಕು. ಗಂಡ ತೀರಿದವಳ ಬಳೆ ಒಡೆಯುವುದು, ಕುಂಕುಮ ಅಳಿಸುವುದು ನಿಲ್ಲಬೇಕು. ನಮ್ಮ ಗಡಿಯ ಆಚೆಗಿರುವ ಕೊಲ್ಹಾಪುರ ಜಿಲ್ಲೆಯ ಹೇರವಾಡದ ಗ್ರಾಮಸಭೆ 2022ರಲ್ಲೇ ಇಂಥ ಆಚರಣೆ ಬೇಡವೆಂದು ಠರಾವು ಮಾಡಿತು. ದುಡ್ಡು ಮನೆಯಲ್ಲೇ ಉಳಿಯಲೆಂದು ಮೈದುನನನ್ನೇ ಮದುವೆಯಾಗೆಂದು ಒತ್ತಾಯಿಸುವುದಂತೂ ಬೇಡವೇ ಬೇಡ. ಮೊದಲು ಸರ್ಕಾರದ ನಿಯಮವೇ ಹಾಗಿತ್ತು. ಶೌರ್ಯ ಪ್ರಶಸ್ತಿಯ ಭತ್ಯೆ ಪಡೆಯುವ ವಿಧವೆ ಮರುಮದುವೆಯಾದರೆ, ಅದು ಗಂಡನ ತಮ್ಮನನ್ನೋ ಅಣ್ಣನನ್ನೋ ಆದರೆ ಮಾತ್ರ ಭತ್ಯೆ ಮುಂದುವರಿಯುತ್ತಿತ್ತು. 2017ರ ನವೆಂಬರಿನಲ್ಲಿ ರಕ್ಷಣಾ ಸಚಿವಾಲಯ ಆ ಷರತ್ತನ್ನು ತೆಗೆದುಹಾಕಿತು. ಸರ್ಕಾರವೇ ಬಿಟ್ಟದ್ದನ್ನು ನಾವು ಯಾಕೆ ಹಿಡಿದುಕೊಂಡಿರಬೇಕು?

ಇನ್ನೊಂದು ಬದಲಾವಣೆ ಈಗ ಮನೆಬಾಗಿಲಿಗೆ ಬಂದಿದೆ. 2022ರಲ್ಲಿ ಅಗ್ನಿಪಥ ಬಂದ ಮೇಲೆ ಸೇರುವ ಹುಡುಗರು ಮದುವೆಯಾಗದವರು. ಅವಧಿ ನಾಲ್ಕು ವರ್ಷ. ಅದಾದ ಮೇಲೆ ಉಳಿಸಿಕೊಳ್ಳುವುದು ಹೆಚ್ಚೆಂದರೆ ಶೇ. 25 ಮಂದಿಯನ್ನು. ಉಳಿದವರಿಗೆ ಪೆನ್ಶನ್ ಇಲ್ಲ. ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ ಕೈಗೆ ಬರುತ್ತದೆ. ಸೇವೆಯಲ್ಲಿರುವಾಗ 48 ಲಕ್ಷದ ಜೀವವಿಮೆ ಇರುತ್ತದೆ. ಈ ಮನೆಗಳಲ್ಲಿ ಕಾಯುವವಳು ಹೆಂಡತಿಯಲ್ಲ, ತಾಯಿ. ನಾಮಿನಿ ಯಾರು, ಯಾವ ಬ್ಯಾಂಕ್, ಯೂನಿಟ್ಟಿನ ನಂಬರ್ ಯಾವುದು ಅನ್ನುವುದನ್ನು ಆ ತಾಯಿಗೂ ಯಾರಾದರೂ ಹೇಳಿಕೊಡಬೇಕಲ್ಲ? ಅದಕ್ಕೂ ಈ ಹಿರಿಯಕ್ಕಂದಿರೇ ಬೇಕು.

ನಾವು ಕೇಳುವುದು ದೊಡ್ಡದೇನಲ್ಲ. ಮಾಜಿ ಸೈನಿಕರ ಸಂಘಗಳು ಹಲವು ಕಡೆ ಇವೆ, ಆದರೆ ಅಲ್ಲಿ ಕುರ್ಚಿ ಗಂಡಸರಿಗೆ. ಅವರ ಮನೆಯ ಹೆಂಗಸರೂ ಆಗಾಗ ಒಂದು ದಿನ ಸೇರಲಿ. ಸ್ತ್ರೀಶಕ್ತಿ ಸಂಘದ ಸಭೆಯಾದರೂ ಆದೀತು, ಅಂಗನವಾಡಿಯ ಜಗಲಿಯಾದರೂ ಆದೀತು. ಮಹಿಳಾ ಗ್ರಾಮಸಭೆಯಲ್ಲಿ ಪಂಚಾಯ್ತಿಯವರು ಇದಕ್ಕೆ ಅರ್ಧ ಗಂಟೆ ಕೊಡಲಿ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಿಂದ ಒಬ್ಬರನ್ನು ಕರೆಸಲಿ.

ಮನೆಯ ಗುಟ್ಟು ಬೀದಿಗೆ ಬರುತ್ತದೆ ಎಂಬ ಅಂಜಿಕೆ ನಮಗೂ ಅರ್ಥವಾಗುತ್ತದೆ. ಆದರೆ ಪಾರ್ಟ್ ಟೂ ಆರ್ಡರ್ ಮಾಡಿಸುವುದು ಗುಟ್ಟಲ್ಲ, ಫೋನ್ ಹತ್ತದ ರಾತ್ರಿಯ ಭಯವೂ ಗುಟ್ಟಲ್ಲ. ಪ್ರತಿ ಮಿಲಿಟರಿ ಮನೆಯಲ್ಲೂ ಇರುವುದು ಅದೇ.

ಆಗಸ್ಟ್ 15ರಂದು ಶಾಲೆಯಲ್ಲಿ ಯೋಧರಿಗೆ ಶಾಲು ಹೊದಿಸುವಾಗ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿ. ಮೈಕು ಆ ಅಕ್ಕನ ಕೈಗೂ ಹೋಗಲಿ. ಹತ್ತು ನಿಮಿಷ ಅವರು ಮಾತಾಡಲಿ, ಊರಿನ ಸೊಸೆಯಂದಿರು ಮುಂದಿನ ಸಾಲಿನಲ್ಲಿ ಕೂತು ಕೇಳಲಿ.