ಕೌನ್ಸಿಲರ್ ಮೊದಲು ಮಾಡಬೇಕಾದುದೇನು?

2007ರಲ್ಲಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಹಾಗೂ 110 ಹಳ್ಳಿಗಳು ಬೆಂಗಳೂರಿಗೆ ಸೇರಿದವು. ಆ ಹಳ್ಳಿಗಳಿಗಾಗಿಯೇ ರೂಪಿಸಿದ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತ ಉದ್ಘಾಟನೆಗೊಂಡದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷ! ಅದೇ ವರ್ಷದ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟುಗಳೂ ಟ್ಯಾಂಕರಿಗಾಗಿ ಕಾದವು. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿದ್ದರಿಂದ ಪ್ರಶ್ನಿಸಲು ವಾರ್ಡಿನಲ್ಲಿ ಚುನಾಯಿತರೇ ಇರಲಿಲ್ಲ. 2025ರಲ್ಲಿ ಪಾಲಿಕೆ ಐದಾಯಿತು. ಅಷ್ಟರಿಂದಲೇ ನಲ್ಲಿಯಲ್ಲಿ ನೀರು ಬಾರದು.

ಮತ ಕೇಳಲು ಬಂದವರ ಮುಂದೆ ನಮ್ಮ ಜಮಾಅತ್‌ಗಳು ಸಾಮಾನ್ಯವಾಗಿ ಇಡುವ ಬೇಡಿಕೆ ಕಬರಸ್ತಾನದ ಆವರಣ ಗೋಡೆ, ಶಾದಿ ಮಹಲ್. ಅವು ಬೇಡವೆಂದಲ್ಲ. ಆದರೆ ಮೃತರಿಗೆ ಗೋಡೆ ಕೇಳುವವರು ಜೀವಂತವಿರುವವರಿಗೆ ನೀರು ಕೇಳಬಾರದೇ? ಮದೀನಾದ ರೂಮಾ ಬಾವಿಯನ್ನು ಖರೀದಿಸಿ ಜನರಿಗೆ ಬಿಟ್ಟುಕೊಟ್ಟ ಹಝ್ರತ್ ಉಸ್ಮಾನ್(ರ)ರ ಪ್ರಸಂಗವನ್ನು ಮಿಂಬರ್‌ನಿಂದ ಎಷ್ಟು ಬಾರಿ ಕೇಳಿಲ್ಲ! ಅದನ್ನು ವಾರ್ಡಿಗೆ ಅನ್ವಯಿಸಿಕೊಳ್ಳುವುದನ್ನು ಮಾತ್ರ ಮರೆಯುತ್ತೇವೆ.

ಮುಂದಿನ ಸದಸ್ಯರು ಮೊದಲು ಬಾಡಿಗೆ ವಠಾರಗಳ ಪಟ್ಟಿ ಮಾಡಲಿ. ನೀರಿನ ಸಂಪರ್ಕಕ್ಕೆ ಅರ್ಜಿ ಹಾಕಿ ಶುಲ್ಕ ಕಟ್ಟಬೇಕಾದವನು ಮನೆ ಮಾಲಿಕ. ಬಾಡಿಗೆದಾರನ ಕೈಯಲ್ಲಿ ಅದಿಲ್ಲ. ಬೀದಿಗೆ ಪೈಪು ಬಂದರೂ ಪೀಣ್ಯದ ಗಾರ್ಮೆಂಟ್ಸ್ ಕಾರ್ಮಿಕಳ ಕೊಡ ತುಂಬದಿರುವುದು ಇದರಿಂದಲೇ. ಉದ್ಯಾನದ ಬೇಲಿ, ಸ್ವಾಗತ ಕಮಾನು ಆಮೇಲಾಗಲಿ. ವಾರ್ಡ್ ಸಮಿತಿಯ ಸಭೆಗೆ ಮಸೀದಿಯ ಅಧ್ಯಕ್ಷರೊಬ್ಬರೇ ಹೋದರೆ ಸಾಲದು. ನೀರು ಹೊರುವ ಸಹೋದರಿಯರೂ ಹೋಗಿ, ತಮ್ಮ ಬೀದಿಗೆ ನೀರು ಯಾವ ದಿನವೆಂದು ಕೇಳಲಿ.